ಬೀರುವಿನಲ್ಲಿಟ್ಟ ನೆನಪು ಎಷ್ಟು ದಿನ?

ಮಳೆಗಾಲದಲ್ಲಿ ಗಗನಚುಕ್ಕಿ, ಭರಚುಕ್ಕಿ ತುಂಬಿ ಧುಮುಕುವಾಗ ಮಕ್ಕಳನ್ನು ಶಿವನಸಮುದ್ರಕ್ಕೆ ಕರೆದೊಯ್ಯುವುದು ನಮ್ಮ ಶಾಲೆಯ ವಾಡಿಕೆ. ಈ ಸಲ ಹೊರಡುವ ಹಿಂದಿನ ದಿನ ವಿದ್ಯಾರ್ಥಿನಿಯೊಬ್ಬಳ ತಂದೆ ನನ್ನನ್ನು ಹುಡುಕಿಕೊಂಡು ಬಂದರು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಪುಟ್ಟ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು. ಅದು ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿ.

“ಮೇಷ್ಟ್ರೆ, ನಮ್ಮವ್ವ ಹಾಡಿದ ಸೋಬಾನೆ ಪದ ಎಲ್ಲಾ ಇದ್ರೊಳಗದೆ. ಅವ್ವ ಹೋಗಿ ನಾಕು ವರ್ಷ ಆಯ್ತು. ಆವತ್ತಿಂದ ಬೀರುವಾಗೆ ಬೀಗ ಹಾಕಿ ಮಡಗಿವ್ನಿ. ಕರೆಂಟ್ ಕೊಡದೆ ಮಡಗಿದ್ರೆ ಅಳಿಸಿ ಹೋಯ್ತದಂತೆ, ನಿಜವಾ?”

ಪ್ರಶ್ನೆ ಸಣ್ಣದಲ್ಲ. ಉತ್ತರಕ್ಕೆ ನಾವು ಮರುದಿನ ನೋಡಲಿದ್ದ ಊರಿನಿಂದಲೇ ಹೊರಡಬಹುದು. ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಶುರುಮಾಡಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಹಾಗೆ ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಒಂದು ಸ್ವಭಾವವಿದೆ: ಉತ್ಪಾದನೆಯಾದ ಗಳಿಗೆಯಲ್ಲೇ ಅದು ಬಳಕೆಯಾಗಬೇಕು. ರಾಗಿಯಂತೆ ಕಣಜದಲ್ಲಿ ತುಂಬಿಡಲು ಬರುವುದಿಲ್ಲ.

ಎಸ್‌ಎಸ್‌ಡಿಯೊಳಗೆ ನಡೆಯುವುದು ಇದಕ್ಕೆ ವಿರುದ್ಧವಾದ ಕೆಲಸ. ಅಲ್ಲಿ ಕೆಲವೇ ಎಲೆಕ್ಟ್ರಾನುಗಳನ್ನು ಹಿಡಿದು ಸೆರೆಯಲ್ಲಿಡುತ್ತಾರೆ. 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವೊನ್ ಕಾಂಗ್ ಮತ್ತು ಸೈಮನ್ ಸ್ಜೆ ಈ ಉಪಾಯವನ್ನು ಕಂಡುಹಿಡಿದರು. 1980ರ ದಶಕದಲ್ಲಿ ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೊ ಮಸುವೊಕಾ ಅದನ್ನು ಫ್ಲ್ಯಾಶ್ ಮೆಮೊರಿಯಾಗಿ ಬೆಳೆಸಿದರು. ಪೆನ್ ಡ್ರೈವ್, ಮೆಮೊರಿ ಕಾರ್ಡ್, ನಿಮ್ಮ ಮೊಬೈಲಿನ ನೆನಪು, ಎಲ್ಲವೂ ಇದೇ ಜಾತಿಯವು.

ಫ್ಲ್ಯಾಶ್ ಚಿಪ್ಪಿನಲ್ಲಿ ಕೋಟ್ಯಂತರ ಕೋಶಗಳಿವೆ. ಪ್ರತಿ ಕೋಶವನ್ನೂ ಒಂದು ಮಡಕೆ ಎಂದುಕೊಳ್ಳಿ. ಮಡಕೆಯ ಸುತ್ತ ಅವಾಹಕ ವಸ್ತುವಿನ ಗೋಡೆ. ಹೆಚ್ಚಿನ ವೋಲ್ಟೇಜ್ ಕೊಟ್ಟಾಗ ಎಲೆಕ್ಟ್ರಾನುಗಳು ಆ ಗೋಡೆಯನ್ನೇ ತೂರಿಕೊಂಡು ಒಳಹೋಗುತ್ತವೆ. ವೋಲ್ಟೇಜ್ ತೆಗೆದರೆ ಅಲ್ಲೇ ಸಿಕ್ಕಿಬೀಳುತ್ತವೆ. ಮಡಕೆಯಲ್ಲಿ ಆವೇಶವಿದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು. ಚಿತ್ರವಾಗಲಿ ಹಾಡಾಗಲಿ, ಕಂಪ್ಯೂಟರಿಗೆ ಎಲ್ಲವೂ ಈ ಸೊನ್ನೆ ಒಂದುಗಳ ಸಾಲು. ಕರೆಂಟ್ ಹೋದರೂ ಬರೆದದ್ದು ಉಳಿಯುವುದು ಹೀಗೆ.

ಆದರೆ ಆ ಗೋಡೆಯ ದಪ್ಪ ಎಷ್ಟು? ಹೆಚ್ಚೆಂದರೆ ಹತ್ತು ನ್ಯಾನೋಮೀಟರ್, ಅಂದರೆ ನಿಮ್ಮ ನೋಟ್‌ಬುಕ್ಕಿನ ಹಾಳೆಯ ದಪ್ಪದ ಹತ್ತು ಸಾವಿರದ ಒಂದು ಪಾಲು. ಒಳಗೆ ಬರೆದು ಅಳಿಸಿದಷ್ಟೂ ಗೋಡೆ ಸವೆಯುತ್ತದೆ. ಸವೆದ ಗೋಡೆಯಿಂದ ಎಲೆಕ್ಟ್ರಾನುಗಳು ಹಳೆಯ ಮಡಕೆಯ ನೀರಿನಂತೆ ಒಂದೊಂದಾಗಿ ಜಿನುಗುತ್ತವೆ. ಸೆಖೆ ಹೆಚ್ಚಿದರೆ ಜಿನುಗುವ ವೇಗವೂ ಹೆಚ್ಚುತ್ತದೆ.

ಇನ್ನೊಂದು ತೊಡಕೂ ಉಂಟು. ಮೊದಲ ಚಿಪ್ಪುಗಳಲ್ಲಿ ಮಡಕೆ ತುಂಬಿದೆಯೋ ಖಾಲಿಯೋ ಎಂದು ನೋಡಿದರೆ ಸಾಕಿತ್ತು. ಈಗ ಕಡಿಮೆ ಬೆಲೆಗೆ ಹೆಚ್ಚು ತುಂಬಿಸುವ ಆಸೆಯಿಂದ ಒಂದೇ ಮಡಕೆಯಲ್ಲಿ ಎಂಟು, ಕೆಲವೊಮ್ಮೆ ಹದಿನಾರು ಮಟ್ಟಗಳನ್ನು ಗುರುತಿಸುತ್ತಾರೆ. ಸೇರು, ಅಚ್ಚೇರು, ಪಾವು, ಚಟಾಕು ಎಂದು ಒಂದೇ ಪಾತ್ರೆಯಲ್ಲಿ ಅಳೆದ ಹಾಗೆ. ಚೂರು ಸೋರಿದರೂ ಲೆಕ್ಕ ತಪ್ಪಬಹುದು. ಇಂಥ ಸಣ್ಣ ತಪ್ಪುಗಳನ್ನು ತಿದ್ದುವ ಗಣಿತ ಡ್ರೈವಿನೊಳಗೇ ಇದೆ, ನಿಜ. ತಪ್ಪು ಮಿತಿ ಮೀರಿದರೆ ಅದೂ ಕೈಚೆಲ್ಲುತ್ತದೆ.

ಹಾಗಾದರೆ ಎಷ್ಟು ದಿನ? ಅರೆವಾಹಕ ಉದ್ಯಮದ ‘ಜೆಡೆಕ್’ ಎಂಬ ಸಂಸ್ಥೆ ಇದಕ್ಕೊಂದು ಮಾನದಂಡವನ್ನು ಇಟ್ಟಿದೆ. ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರವಣಿಗೆಯ ಆಯಸ್ಸನ್ನೆಲ್ಲ ಮುಗಿಸಿದ ಮೇಲೂ, ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ದೊಡ್ಡ ಕಚೇರಿಗಳಲ್ಲಿ ಹಗಲಿರುಳು ದುಡಿಯುವ ಡ್ರೈವ್ ಆದರೆ 40 ಡಿಗ್ರಿಯಲ್ಲಿ ಮೂರು ತಿಂಗಳು. ಇಟ್ಟ ಜಾಗದ ಉಷ್ಣತೆ ಐದು ಡಿಗ್ರಿ ಏರಿದರೆ ಈ ಅವಧಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ಮಂಡ್ಯ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗಿರುವ ಕಬ್ಬಿಣದ ಬೀರು ಎಷ್ಟು ಕಾಯುತ್ತದೆಂದು ನೀವೇ ಊಹಿಸಿ.

2015ರಲ್ಲಿ, ಕರೆಂಟ್ ಕೊಡದಿದ್ದರೆ ಎಸ್‌ಎಸ್‌ಡಿ ಏಳೇ ದಿನದಲ್ಲಿ ಎಲ್ಲವನ್ನೂ ಮರೆಯುತ್ತದೆ ಎಂಬ ಸುದ್ದಿ ಲೋಕವೆಲ್ಲ ಹರಡಿ ಗಾಬರಿ ಹುಟ್ಟಿಸಿತ್ತು. ಪೂರ್ತಿ ಸವೆದ ಡ್ರೈವನ್ನು ವಿಪರೀತ ಸೆಖೆಯಲ್ಲಿಟ್ಟರೆ ಏನಾದೀತು ಎಂಬ ಲೆಕ್ಕವನ್ನು ಎಲ್ಲ ಡ್ರೈವುಗಳಿಗೂ ಅನ್ವಯಿಸಿ ಓದಿದ್ದರ ಫಲ ಅದು. ಮನೆಯಲ್ಲಿ ನಾಲ್ಕು ಸಲ ಬರೆದಿಟ್ಟ ಡ್ರೈವಿನ ಗೋಡೆ ಇನ್ನೂ ಗಟ್ಟಿ. ಅದು ಹಲವು ವರ್ಷ ಬಾಳುವ ಸಂಭವವೇ ಹೆಚ್ಚು. ಆದರೆ ಸಂಭವ ಬೇರೆ, ಭರವಸೆ ಬೇರೆ.

ಅಳಿಯಬಾರದ್ದನ್ನು ನಮ್ಮ ಹಿರಿಯರು ಕಲ್ಲಿಗೆ ಒಪ್ಪಿಸುತ್ತಿದ್ದರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದು ಸಿಕ್ಕಿದೆ. ತಕ್ಕೋಲದ ಕಾಳಗದ ಜೊತೆಗೆ, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ಕಥೆಯನ್ನೂ ಅದು ಹೇಳುತ್ತದೆ. ಸಾವಿರ ವರ್ಷ ದಾಟಿದರೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಂದಿಗೂ ಓದಬಹುದು. ಕಲ್ಲಿಗೆ ಕರೆಂಟ್ ಬೇಡ. ನಮ್ಮ ಕಾಲದ ನೆನಪಿಗೆ ಮಾತ್ರ ಆಗಾಗ ಆರೈಕೆ ಬೇಕು.

ಆರೈಕೆ ಕಷ್ಟದ್ದೇನಲ್ಲ. ಬೇಕಾದ ಚಿತ್ರ, ಧ್ವನಿ, ಪತ್ರಗಳು ಒಂದೇ ಕಡೆ ಇರದಂತೆ ನೋಡಿಕೊಳ್ಳಿ. ಇನ್ನೆರಡು ಪ್ರತಿ ಮಾಡಿ. ಅವುಗಳಲ್ಲೊಂದು ಕಾಂತೀಯ ಹಾರ್ಡ್ ಡಿಸ್ಕಿನಲ್ಲಿದ್ದು, ಬೇರೆ ಮನೆಯಲ್ಲಿದ್ದರೆ ಲೇಸು. ಆಯುಧಪೂಜೆಯ ದಿನ ನೇಗಿಲು, ಸೈಕಲ್ಲು ತೊಳೆಯುವಾಗ ಡ್ರೈವನ್ನೂ ಹೊರತೆಗೆಯಿರಿ. ದೀಪ ಮಿನುಗಿತೆಂದು ಸುಮ್ಮನಾಗಬೇಡಿ. ಒಳಗಿರುವುದನ್ನೆಲ್ಲ ಒಮ್ಮೆ ಕಂಪ್ಯೂಟರಿಗೆ ಪ್ರತಿ ಮಾಡಿ ತೆರೆದು ನೋಡಿ. ಕೆಟ್ಟ ಕಡತ ಗೊತ್ತಾಗುವುದು ಆಗಲೇ. ಮೂಲೆಯಲ್ಲಿ ಬಿದ್ದಿರುವ ಹಳೆಯ ಮೊಬೈಲನ್ನೂ ಮರೆಯಬೇಡಿ. ಅಜ್ಜಿಯ ದನಿ ಅದರಲ್ಲೊಂದರಲ್ಲೇ ಇರಬಹುದು.

ಇಷ್ಟು ಹೇಳಿ ಮುಗಿಸಿ, ನಾನೂ ಆ ತಂದೆಯೂ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋದೆವು. ಡ್ರೈವ್ ಸಿಕ್ಕಿಸುವಾಗ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಕಡತಗಳೆಲ್ಲ ತೆರೆದವು. ಹಸೆಮಣೆಯ ಮುಂದೆ ಹಾಡುವ ಮುದಿದನಿ ಕೋಣೆ ತುಂಬಿತು. ಮಗಳು ಬಾಗಿಲಲ್ಲೇ ನಿಂತು ಕೇಳಿದಳು.

“ಕಲ್ಲಲ್ಲಿ ಕೆತ್ತಿಸೋಕಾಯ್ತದಾ ಮೇಷ್ಟ್ರೆ? ಮೂರು ಕಡೆ ಹಾಕ್ಕೊಡಿ” ಎಂದರು ತಂದೆ. ಹಾಕಿಕೊಟ್ಟೆ. ಮರುದಿನ ಶಿವನಸಮುದ್ರದ ದಾರಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಿಂದ ಅದೇ ಪದದ ಮೊದಲ ಸಾಲು ಮೆಲ್ಲಗೆ ಕೇಳಿಬಂತು.