ಗಾಳದ ಕೋಲು ಕೊಳ್ಳಲು ಹೊರಟಿದ್ದೀರಾ?

ಪರೀಕ್ಷೆ ಮುಗಿಯುವುದೇ ತಡ, ಮಕ್ಕಳ ಬೇಡಿಕೆಯ ಪಟ್ಟಿ ಹೊರಬರುತ್ತದೆ. ಒಬ್ಬನಿಗೆ ಮೊಬೈಲ್ ಬೇಕು, ಇನ್ನೊಬ್ಬನಿಗೆ ಬೈಕ್. ಉಳ್ಳಾಲ, ಬೆಂಗ್ರೆ, ಮಲ್ಪೆ, ಗಂಗೊಳ್ಳಿ, ಭಟ್ಕಳದ ಕಡೆಯ ಮನೆಗಳಲ್ಲಿ ಈಗ ಮೂರನೆಯದೊಂದು ಬೇಡಿಕೆಯೂ ಸೇರಿಕೊಂಡಿದೆ: "ಉಮ್ಮಾ, ಒಂದು ರಾಡ್ ಮತ್ತು ರೀಲ್ ತೆಗೆಸಿಕೊಡಿ." ಬೇಡಿಕೆ ದುಬೈಗೋ ಜಿದ್ದಾಕ್ಕೋ ಹೋಗುತ್ತದೆ. ಅಲ್ಲಿಂದ ಉತ್ತರ ಬರುತ್ತದೆ: "ನೀನೇ ನೋಡಿ ತೆಗೆಸಿಕೊಡು." ಕೊನೆಗೆ ನಿರ್ಧಾರ ನಿಮ್ಮ ತಲೆಯ ಮೇಲೆ. ಅಂಗಡಿಗೆ ಹೋದರೆ ಗೋಡೆಯುದ್ದಕ್ಕೂ ನೂರು ಕೋಲುಗಳು. ಮಾರುವವನು ಹೇಳುವ ಮಾತಿನಲ್ಲಿ ಅರ್ಧ ಇಂಗ್ಲಿಷ್, ಅರ್ಧ ಅಂಕಿ. ಮಗ ತಲೆಯಾಡಿಸುತ್ತಾನೆ. ನೀವು ಪರ್ಸ್ ತೆರೆಯುತ್ತೀರಿ.

ಸ್ವಲ್ಪ ತಾಳಿ ಸಹೋದರಿಯರೇ. ಮೀನನ್ನು ಆರಿಸುವಾಗ ಕಿವಿರು ಬಿಡಿಸಿ ನೋಡುವ ನೀವು ಈ ಕೋಲನ್ನೇಕೆ ಕಣ್ಣುಮುಚ್ಚಿ ಕೊಳ್ಳಬೇಕು? ಇದು ಗಂಡಸರಿಗೆ ಮಾತ್ರ ಅರ್ಥವಾಗುವ ವಿಷಯವೇನೂ ಅಲ್ಲ. ಹೊಲಿಗೆ ಯಂತ್ರ ತುಳಿದವರಿಗಂತೂ ಇದು ಬೇಗ ಅರ್ಥವಾಗುತ್ತದೆ.

ಹೇಗೆನ್ನುತ್ತೀರಾ? ಒಂದು ದಾರದ ಉಂಡೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ದಾರವನ್ನು ಮೇಲಕ್ಕೆ ಎಳೆಯಿರಿ. ಉಂಡೆ ತಿರುಗುವುದಿಲ್ಲ. ದಾರ ಮಾತ್ರ ಸುರುಳಿ ಸುರುಳಿಯಾಗಿ ತಲೆಯ ಕಡೆಯಿಂದ ಜಾರಿ ಬರುತ್ತದೆ. ಸ್ಪಿನ್ನಿಂಗ್ ರೀಲ್ ಎಂದರೆ ಇಷ್ಟೇ. ನೂಲು ತುಂಬಿದ ಉರುಳೆ ತಿರುಗದೆ ನಿಂತಿರುತ್ತದೆ, ಎಸೆದ ಗಾಳದ ಭಾರಕ್ಕೆ ನೂಲು ಜಾರಿ ಓಡುತ್ತದೆ. ಹಿಡಿ ತಿರುಗಿಸಿದಾಗ ಒಂದು ತಂತಿಯ ಕೈ ಉರುಳೆಯ ಸುತ್ತ ಓಡಾಡಿ ನೂಲನ್ನು ಮತ್ತೆ ಸುತ್ತುತ್ತದೆ. ಇಂತಹ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಅವರು ಬಟ್ಟೆ ಉದ್ಯಮದವರು. ಗಿರಣಿಯ ನೂಲಿನ ಉರುಳೆಗಳನ್ನು ನೋಡಿಯೇ ಈ ಉಪಾಯ ಹೊಳೆಯಿತು ಎನ್ನುತ್ತಾರೆ. ನಮ್ಮ ಹೊಲಿಗೆಯ ಪೆಟ್ಟಿಗೆಗೂ ಮಗನ ಗಾಳಕ್ಕೂ ನೆಂಟಸ್ತಿಕೆ ಇದೆ ಎಂದಾಯಿತು.

ಇನ್ನು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಬೆಲೆಯದ್ದಲ್ಲ, ಕಂಪೆನಿಯದ್ದೂ ಅಲ್ಲ. "ಎಲ್ಲಿ ನಿಂತು ಗಾಳ ಹಾಕುತ್ತೀ?" ಎಂಬ ಪ್ರಶ್ನೆ. ಏಕೆಂದರೆ ಕೋಲಿನ ಉದ್ದವೇ ಜಾಗವನ್ನು ನಿರ್ಧರಿಸುತ್ತದೆ. ಆರೂವರೆ ಏಳು ಅಡಿಯ ಹಗುರ ಕೋಲು ನೇತ್ರಾವತಿ, ಗುರುಪುರ ಹೊಳೆಯ ದಂಡೆಗೆ, ಹಿನ್ನೀರಿಗೆ, ದೋಣಿಗೆ ಸರಿ. ಒಂಬತ್ತು ಹತ್ತು ಅಡಿಯ ಕೋಲು ಅಲೆಗಳ ಆಚೆಗೆ ದೂರ ಎಸೆಯಲೆಂದೇ ಮಾಡಿದ್ದು. ಅದು ಕೈಗೆ ಬಂದರೆ ಹುಡುಗ ಹೊಳೆಯ ದಂಡೆಯಲ್ಲಿ ಕೂರುತ್ತಾನೆಯೇ? ಅಳಿವೆಯ ಬಾಯಿಗೆ, ತಡೆಗೋಡೆಯ ಪಾಚಿಗಟ್ಟಿದ ಬಂಡೆಯ ತುದಿಗೆ ಹೋಗುತ್ತಾನೆ. ಅಂಗಡಿಯವನು "ಸ್ವಲ್ಪ ದೊಡ್ಡದೇ ಇರಲಿ, ಎಲ್ಲದಕ್ಕೂ ಆಗುತ್ತದೆ" ಎನ್ನುವಾಗ ನಿಮಗೆ ಇದು ನೆನಪಿರಬೇಕು. ಎಲ್ಲದಕ್ಕೂ ಆಗುವ ಕೋಲು ಎಂಬುದು ಇಲ್ಲವೇ ಇಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟು: ಏಳು ಅಡಿಯ, ಮಧ್ಯಮ ಬಲದ, ಎರಡು ತುಂಡಿನ ಕೋಲು. ಅದಕ್ಕೆ 2500 ಅಥವಾ 3000 ಸಂಖ್ಯೆಯ ರೀಲ್. ಈ ಸಂಖ್ಯೆ ಬೆಲೆಯೂ ಅಲ್ಲ, ತೂಕವೂ ಅಲ್ಲ. ಚಪ್ಪಲಿಯ ನಂಬರಿನಂತೆ ಅದು ಗಾತ್ರದ ಗುರುತು. 1000 ಎಂದರೆ ಚಿಕ್ಕದು, 4000-5000 ಎಂದರೆ ಕಡಲ ದಂಡೆಯ ಉದ್ದ ಕೋಲಿಗೆ. ಚಿಕ್ಕ ಕೋಲಿಗೆ ದೊಡ್ಡ ರೀಲ್ ಕಟ್ಟಿದರೆ ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯುತ್ತದೆ. ಆದ್ದರಿಂದ ಬೇರೆ ಬೇರೆಯಾಗಿ ಹೊಗಳಿಸಿಕೊಂಡು ಕೊಳ್ಳಬೇಡಿ. ರೀಲನ್ನು ಕೋಲಿಗೆ ಜೋಡಿಸಿಸಿ, ಮಗನ ಕೈಗೆ ಕೊಟ್ಟು, ಹತ್ತು ನಿಮಿಷ ಹಿಡಿದಿರಲು ಹೇಳಿ. ಆಗ ಗೊತ್ತಾಗುತ್ತದೆ.

ಕೋಲಿನ ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರಗಳಿರುತ್ತವೆ. ಕನ್ನಡಕ ಹಾಕಿ ಓದಿ. ಉದ್ದ ಎಷ್ಟು, ಎಷ್ಟು ಬಲದ ನೂಲು ಹಾಕಬಹುದು, ಎಷ್ಟು ಗ್ರಾಂ ತೂಕದ ಗಾಳ ಎಸೆಯಬಹುದು ಎಂದು ಅಲ್ಲಿ ಬರೆದಿರುತ್ತದೆ. 10ರಿಂದ 30 ಗ್ರಾಂ ಎಂದು ಬರೆದ ಕೋಲಿಗೆ 80 ಗ್ರಾಂ ಸೀಸ ಕಟ್ಟಿ ಬೀಸಿದರೆ ಅದು ಮುರಿಯುತ್ತದೆ. ಅದು ಕೋಲಿನ ತಪ್ಪಲ್ಲ. ಏನೂ ಬರೆಯದ ಕೋಲನ್ನು ಕೊಳ್ಳದಿರುವುದೇ ಲೇಸು.

ಕಾರ್ಬನ್ ಬೇಕೋ ಫೈಬರ್ ಗ್ಲಾಸ್ ಬೇಕೋ ಎಂಬುದು ಮುಂದಿನ ಚರ್ಚೆ. ಕಾರ್ಬನ್ ಹಗುರ, ಮೀನು ಕುಟುಕಿದ್ದು ಬೆರಳಿಗೆ ತಟ್ಟನೆ ತಿಳಿಯುತ್ತದೆ. ಆದರೆ ಕಲ್ಲಿಗೆ ಬಡಿದರೆ, ಕಾರಿನ ಬಾಗಿಲಿಗೆ ಸಿಕ್ಕಿದರೆ ಪಟ್ಟನೆ ಮುರಿಯುತ್ತದೆ. ಗ್ಲಾಸ್ ಭಾರ, ಆದರೆ ಒರಟುತನ ಸಹಿಸುತ್ತದೆ. ಹದಿನೈದರ ಹುಡುಗನ ಕೈಗೆ ಗ್ಲಾಸ್ ಅಥವಾ ಎರಡೂ ಬೆರೆತ ಕೋಲು ಸಾಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಹಣಕ್ಕಿಂತ ದೊಡ್ಡ ಕಾರಣವೂ ಇದೆ. ಕಾರ್ಬನ್‌ನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಹೊಳೆಯ ದಂಡೆಯಲ್ಲಿ, ತೋಟದ ನಡುವೆ ತಗ್ಗಿ ಜೋತ ವಿದ್ಯುತ್ ತಂತಿಗಳನ್ನು ನೀವು ನೋಡಿಲ್ಲವೇ? ನೆಟ್ಟಗೆ ಎತ್ತಿ ಹಿಡಿದ ಕಾರ್ಬನ್ ಕೋಲು ಅದಕ್ಕೆ ತಾಗಿದರೆ ಜೀವಕ್ಕೇ ಅಪಾಯ. ಒದ್ದೆಯಾದ ಗ್ಲಾಸ್ ಕೋಲನ್ನೂ ನಂಬುವಂತಿಲ್ಲ. ಕೋಲು ಯಾವುದೇ ಇರಲಿ, ದಾರಿಯಲ್ಲಿ ಎರಡು ತುಂಡು ಮಾಡಿಯೇ ಒಯ್ಯಬೇಕು. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಕೆಳಗಿಟ್ಟು ಸೂರಿನಡಿ ಸೇರಬೇಕು. ಕೋಲು ಕೊಡಿಸುವ ದಿನವೇ ಈ ಮಾತನ್ನು ಹೇಳಿಬಿಡಿ.

ಛತ್ರಿಯಂತೆ ಒಂದರೊಳಗೊಂದು ಜಾರುವ ಮಡಚು ಕೋಲು ನೋಡಲು ಚೆಂದ, ಚೀಲದಲ್ಲಿ ಹಿಡಿಯುತ್ತದೆ. ಆದರೆ ಮರಳು, ಉಪ್ಪು ಹೊಕ್ಕರೆ ಕಚ್ಚಿ ಕೂರುತ್ತದೆ. ನನಗೇನೋ ಅದು ಸೇರದು.

ಕೋಲಿನುದ್ದಕ್ಕೂ ಇರುವ ಉಂಗುರಗಳನ್ನು ಒಂದೊಂದಾಗಿ ನೋಡಿ. ರೀಲಿನ ಹತ್ತಿರದ್ದು ದೊಡ್ಡದು, ತುದಿಯದ್ದು ಚಿಕ್ಕದು. ಸುರುಳಿಯಾಗಿ ಬರುವ ನೂಲನ್ನು ಮೆಲ್ಲಗೆ ನೇರ ಮಾಡಲು ಈ ಏರ್ಪಾಡು. ಉಂಗುರದೊಳಗಿನ ಪಿಂಗಾಣಿ ಬಳೆಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ನೂಲು ತುಂಡಾಗುತ್ತಲೇ ಇರುತ್ತದೆ. ಪತ್ತೆ ಹಚ್ಚುವುದು ಸುಲಭ: ಸ್ವಲ್ಪ ಹತ್ತಿಯನ್ನು ಒಳಗಡೆ ಸುತ್ತಲೂ ಸವರಿ. ಎಳೆ ಸಿಕ್ಕಿಕೊಂಡಿತೋ, ಆ ಕೋಲು ಬೇಡ. ಬಳಿಕ ಒಂದು ಕಣ್ಣು ಮುಚ್ಚಿ ಹಿಡಿಯ ಕಡೆಯಿಂದ ತುದಿಗೆ ನೋಡಿ. ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು.

ರೀಲಿನ ವಿಷಯದಲ್ಲಿ ಅಂಗಡಿಯವರು ಬೇರಿಂಗ್ ಲೆಕ್ಕ ಹೇಳುತ್ತಾರೆ. "ಇದರಲ್ಲಿ ಹನ್ನೆರಡು ಬೇರಿಂಗ್ ಇದೆ ಮೇಡಂ!" ಹನ್ನೆರಡು ಕಳಪೆ ಬೇರಿಂಗ್‌ಗಿಂತ ನಾಲ್ಕು ಒಳ್ಳೆಯ ಬೇರಿಂಗ್ ಮೇಲು. ಉಪ್ಪುನೀರಿನಲ್ಲಿ ಅವು ಒಂದೊಂದಾಗಿ ತುಕ್ಕು ಹಿಡಿಯುವುದನ್ನು ಯಾರೂ ಹೇಳುವುದಿಲ್ಲ. ನೀವು ಹಿಡಿಯನ್ನು ನಿಧಾನವಾಗಿ ತಿರುಗಿಸಿ ನೋಡಿ, ಎಲ್ಲಿಯೂ ಕಿರಗುಟ್ಟಬಾರದು. ಹಿಡಿಯನ್ನು ಅತ್ತಿತ್ತ ಅಲ್ಲಾಡಿಸಿ, ಸಡಿಲ ಇರಬಾರದು. ನೂಲು ತಾಗುವ ಪುಟ್ಟ ಗಾಲಿ ಬೆರಳಿಗೆ ತಿರುಗಬೇಕು. ಅದು ತಿರುಗದಿದ್ದರೆ ನೂಲು ಸವೆಯುತ್ತದೆ.

ರೀಲಿನ ಜೀವಾಳ ಇರುವುದು ಮುಂದಿನ ಗುಂಡಿಯಲ್ಲಿ. ಡ್ರ್ಯಾಗ್ ಎನ್ನುತ್ತಾರೆ. ಹೊಲಿಗೆ ಯಂತ್ರದಲ್ಲಿ ದಾರದ ಬಿಗಿ ಹೆಚ್ಚು ಕಡಿಮೆ ಮಾಡುವ ತಿರುಪು ಇದೆಯಲ್ಲ, ಅದೇ ಕೆಲಸ. ಹೆಚ್ಚು ಬಿಗಿಯಾದರೆ ದಾರ ತುಂಡು, ಸಡಿಲವಾದರೆ ಹೊಲಿಗೆ ಕೆಟ್ಟಿತು. ಇಲ್ಲಿಯೂ ದೊಡ್ಡ ಮೀನು ಎಳೆದಾಗ ನೂಲು ತುಂಡಾಗದೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡಬೇಕು. ಅಂಗಡಿಯಲ್ಲಿ ನೂಲನ್ನು ಕೈಯಿಂದ ಎಳೆದು ನೋಡಿ. ಜಗ್ಗಿ ಜಗ್ಗಿ ಬಂದರೆ ಬೇಡ, ಬೆಣ್ಣೆಯಂತೆ ಜಾರಿದರೆ ಒಳ್ಳೆಯದು. ಬಿಗಿ ಎಷ್ಟಿರಬೇಕು? ನೂಲಿನ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗ. 6 ಕಿಲೋ ತಡೆಯುವ ನೂಲಾದರೆ ಒಂದೂವರೆಯಿಂದ ಎರಡು ಕಿಲೋ ಎಳೆತಕ್ಕೆ ಜಾರಬೇಕು. ಮನೆಯಲ್ಲಿ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇದ್ದರೆ ನೀವೇ ಅಳೆದು ಕೊಡಬಹುದು.

ಹಿಡಿಯನ್ನು ಎಡಕ್ಕೂ ಬಲಕ್ಕೂ ಬದಲಿಸಬಹುದು. ಎಡಗೈ ಬಳಸುವ ಮಗಳಿಗೂ ಅದೇ ರೀಲ್ ಆಗುತ್ತದೆ. ಹೌದು, ಮಗಳಿಗೆ ಎಂದೇ ಬರೆದೆ. ಹೊಳೆ ಬದಿಯಲ್ಲಿ ಅಣ್ಣನ ಜೊತೆ ಕುಳಿತ ಹುಡುಗಿಗೆ ಕೋಲು ಹಿಡಿಯಲು ಏನು ಅಡ್ಡಿ? ತಾಳ್ಮೆಯಲ್ಲಿ ಅವಳೇ ಮುಂದೆ.

ನೂಲಿನಲ್ಲಿ ಮೊದಲು ನೈಲಾನ್ ಸಾಕು. ಸ್ವಲ್ಪ ಹಿಗ್ಗುತ್ತದೆ, ತಪ್ಪುಗಳನ್ನು ಮನ್ನಿಸುತ್ತದೆ. ಹೆಣೆದ ನೂಲು ತೆಳ್ಳಗೆ, ಬಲ ಹೆಚ್ಚು, ಆದರೆ ಬೆರಳನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಉರುಳೆಯ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗಿನವರೆಗೆ ತುಂಬಿಸಿ. ಕಡಿಮೆಯಾದರೆ ದೂರ ಹೋಗದು, ಹೆಚ್ಚಾದರೆ ಗಂಟು ಬೀಳುತ್ತದೆ. ತುಂಡಾದ ನೂಲನ್ನು ದಡದಲ್ಲಿ ಎಸೆಯದೆ ಮನೆಗೆ ತರಲು ಮಗನಿಗೆ ಹೇಳಿ. ಅದು ಬಹುಕಾಲ ಕೊಳೆಯುವುದಿಲ್ಲ. ಹಕ್ಕಿಯ ಕಾಲಿಗೆ, ನಮ್ಮ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಯ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಕಂಪೆನಿ ಯಾವುದು ಎಂದು ಕೇಳುವಿರಿ. ಜಪಾನಿನ ಶಿಮಾನೊ, ದೈವಾ, ಅಮೆರಿಕದ ಪೆನ್, ತೈವಾನಿನ ಒಕುಮಾ ಇವೆಲ್ಲ ಹೆಸರಾಂತವು. ಶಿಮಾನೊ ಎಂದರೆ ಸೈಕಲ್ ಗಿಯರಿನದ್ದೇ ಕಂಪೆನಿ. 1921ರಲ್ಲಿ ಆರಂಭವಾಗಿ 1970ರಲ್ಲಿ ಗಾಳದ ಸಲಕರಣೆಗೆ ಕೈಹಾಕಿತು. ಆರಂಭಕ್ಕೆ ಇವುಗಳ ಅತಿ ಅಗ್ಗದ ಮಾದರಿಯೇ ಸಾಕು. ನಿಮ್ಮಲ್ಲಿರುವ ಹಣದ ಹೆಚ್ಚಿನ ಪಾಲು ರೀಲಿಗಿರಲಿ, ಕೋಲು ಸಾಧಾರಣದ್ದೇ ಇರಲಿ. ಕೊಲ್ಲಿಯಿಂದ ತರಿಸುವುದಾದರೆ ಬಿಡಿಭಾಗ ಇಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಹಿಡಿಯ ಒಂದು ತಿರುಪು ಬಿದ್ದುಹೋದರೂ ಅಷ್ಟು ಬೆಲೆಯ ರೀಲ್ ಮೂಲೆ ಸೇರುತ್ತದೆ. ಅಂದ ಹಾಗೆ, ಅಬುಧಾಬಿ, ದುಬೈಯಲ್ಲಿರುವವರು ಹವ್ಯಾಸಕ್ಕೆ ಗಾಳ ಹಾಕಲೂ ಪರವಾನಗಿ ಪಡೆಯಬೇಕು.

ಕೋಲಿನ ಜೊತೆ ಬಿಲ್ಲಿಗೆ ಇನ್ನೂ ಕೆಲವು ಸೇರಲಿ: ಒಂದು ಇಕ್ಕಳ, ಮುಚ್ಚಳ ಗಟ್ಟಿಯಿರುವ ಡಬ್ಬಿ, ಒಂದು ಲೈಫ್ ಜಾಕೆಟ್. ಇವಕ್ಕಾಗಿ ರೀಲಿನ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಬೇಕಾಗಿ ಬಂದರೆ ಇಳಿಸಿ. ಇಕ್ಕಳದಿಂದ ಗಾಳದ ಒಳಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಕೊಟ್ಟರೆ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ. ಒಳಮುಳ್ಳಿನ ಸಮೇತ ಚುಚ್ಚಿಕೊಂಡರೆ ಮನೆಯಲ್ಲಿ ಎಳೆಯಬೇಡಿ, ಆಸ್ಪತ್ರೆಗೆ ಹೋಗಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಆ ಡಬ್ಬಿ ಕಪಾಟಿನ ಮೇಲಿನ ಅರೆಯಲ್ಲೇ ಇರಬೇಕು.

ಬುಟ್ಟಿಯಲ್ಲಿ ಏನು ಬಂತೆಂದು ನೋಡುವವರೂ ನೀವೇ. ಕಾಣೆಯೋ ಕೆಂಬೇರಿಯೋ ಬಂದರೆ ಸಂತೋಷ. ತೇಡೆ ಬಂದರೆ ಬೆನ್ನಿನ ಮತ್ತು ಎರಡು ಪಕ್ಕದ ಮುಳ್ಳಿನ ಬಗ್ಗೆ ಎಚ್ಚರ. ಚುಚ್ಚಿದರೆ ತಡೆಯುವಷ್ಟು ಬಿಸಿಯಿರುವ ನೀರಿನಲ್ಲಿ ಕೈ ಮುಳುಗಿಸಿಟ್ಟರೆ ಉರಿ ತಗ್ಗುತ್ತದೆ. ಮುಟ್ಟಿದರೆ ಹೊಟ್ಟೆ ಚೆಂಡಿನಂತೆ ಉಬ್ಬಿಸುವ ಮೀನೊಂದು ಅಳಿವೆಯಲ್ಲಿ ಆಗಾಗ ಗಾಳಕ್ಕೆ ಬೀಳುತ್ತದೆ. ಅದನ್ನು ಮಾತ್ರ ಅಡುಗೆಮನೆಗೆ ತರಬೇಡಿ. ಅದರ ವಿಷ ಬೇಯಿಸಿದರೂ, ಹುರಿದರೂ ಹೋಗುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. ಬೆಕ್ಕಿಗೂ ಹಾಕಬೇಡಿ.

ಅಸರ್ ನಂತರ ಹೊರಟವನು ಮಗ್ರಿಬ್‌ಗೆ ಮನೆ ಸೇರಬೇಕು, ಒಬ್ಬನೇ ಹೋಗಬಾರದು ಎಂಬ ಷರತ್ತುಗಳನ್ನು ಅಂಗಡಿಗೆ ಹೋಗುವ ಮುನ್ನವೇ ಒಪ್ಪಿಸಿಕೊಳ್ಳಿ. ಬಂದ ಮೇಲಿನ ಕೆಲಸ ಅವನದೇ, ನಿಮ್ಮದಲ್ಲ. ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆಯಬೇಕು. ನಲ್ಲಿಯ ರಭಸಕ್ಕೆ ಹಿಡಿದರೆ ಉಪ್ಪು ಒಳಗೇ ಹೋಗುತ್ತದೆ, ಬಕೆಟ್‌ನಲ್ಲಿ ಮುಳುಗಿಸುವುದಂತೂ ಬೇಡವೇ ಬೇಡ. ಒರೆಸಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗ್ ಸಡಿಲಿಸಿ ಇಡಬೇಕು. ನೂಲಿನ ಗಾಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನಿನ ಬೆಲೆ ಏರುತ್ತದೆ, ಹುಡುಗರಿಗೆ ಬಂಡೆಯ ಕಡೆ ಹೋಗುವ ಆಸೆಯೂ ಏರುತ್ತದೆ. ದೊಡ್ಡ ದೋಣಿಗಳೇ ದಡ ಸೇರಿದ ಕಡಲಿನ ಮುಂದೆ ಏಳು ಅಡಿಯ ಕೋಲಿಗೇನು ಕೆಲಸ? ಮೇ ಕೊನೆಯ ವಾರದಲ್ಲೇ ರೀಲನ್ನು ಕಳಚಿ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಕೋಲಿನ ಎರಡು ತುಂಡನ್ನೂ ನಿಮ್ಮ ಕೋಣೆಯ ಕಪಾಟಿನ ಹಿಂದೆ ನಿಲ್ಲಿಸಿಡಿ. ಬೀಗದ ಕೈ ನಿಮ್ಮಲ್ಲೇ ಇರಲಿ, ಸೆಪ್ಟೆಂಬರ್ ಕಳೆದ ಮೇಲೆ ಕೊಡಬಹುದು.