ಮೈಯ ಪಾಠಕ್ಕೆ ಯಾಕಿಷ್ಟು ನಾಚಿಕೆ?



ಭೂಮಿಯ ಬಗ್ಗೆ ಮಾತಾಡುತ್ತೇವೆ. ಸ್ಕಾಲರ್‌ಶಿಪ್ಪಿನ ಬಗ್ಗೆ, ಹಾಸ್ಟೆಲಿನ ನೀರುಸಾರಿನ ಬಗ್ಗೆ, ಮೀಸಲಾತಿಯ ಬಗ್ಗೆ ಗಂಟಲು ಹರಿಯೋವರೆಗೆ ಕೂಗುತ್ತೇವೆ. ಆದರೆ ಹದಿನಾರು ವರ್ಷದ ಹುಡುಗಿಯೊಬ್ಬಳು ಪರೀಕ್ಷೆಗೆ ಮುಂಚೆ ಹಾಸ್ಟೆಲಿನಿಂದ ಕಾಣೆಯಾದರೆ ನಮ್ಮ ಗಂಟಲು ಒಣಗುತ್ತದೆ. 'ಹುಷಾರಿಲ್ವಂತೆ, ಊರಿಗೆ ಹೋದ್ಲಂತೆ' ಅಂತ ಪಿಸುಗುಟ್ಟಿ ಸುಮ್ಮನಾಗುತ್ತೇವೆ. ಆಮೇಲೆ ಸುದ್ದಿ ಬರುವುದು ಮದುವೆಯಾಯ್ತು ಅಂತ, ಇಲ್ಲಾ ಹೆರಿಗೆಯಾಯ್ತು ಅಂತ. ಅವಳ ಟ್ರಂಕಿನ ಜಾಗಕ್ಕೆ ಇನ್ನೊಬ್ಬಳ ಟ್ರಂಕು ಬರುತ್ತದೆ. ಅವಳ ಓದು ಮಾತ್ರ ಅಲ್ಲಿಗೇ ಮುಗಿಯುತ್ತದೆ.

ಇದು ಒಬ್ಬಳ ಹಣೆಬರಹ ಅಂತ ಕೈತೊಳೆದುಕೊಳ್ಳುವ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ನೂರು ಹೆಂಗಸರಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 15ರಿಂದ 19ರ ನೂರು ಹುಡುಗಿಯರಲ್ಲಿ ಐದಕ್ಕೂ ಹೆಚ್ಚು ಮಂದಿ ಆಗಲೇ ತಾಯಂದಿರು, ಇಲ್ಲವೇ ಬಸುರಿಯರು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ನಮ್ಮ ರಾಜ್ಯ 2016ರಲ್ಲಿ ಕಾನೂನಿಗೆ ತಿದ್ದುಪಡಿ ಮಾಡಿತು. ಕಾಗದದ ಮೇಲೆ ಆ ಮದುವೆಯೇ ಇಲ್ಲ. ಹುಡುಗಿಯ ಕಂಕುಳಲ್ಲಿ ಮಾತ್ರ ಕೂಸು ಇದೆ.

2024ರ ಜನವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಿನ ಹೈಸ್ಕೂಲು ಹುಡುಗಿಗೆ ಹೆರಿಗೆಯಾಯಿತು. ವಾರ್ಡನ್ ಅಮಾನತಾದರು, ಪೋಕ್ಸೋ ಕೇಸು ದಾಖಲಾಯಿತು. ಪೇಪರಿನಲ್ಲಿ ನಾಲ್ಕು ದಿನ ಗದ್ದಲವಾಯಿತು. ಅಮಾನತು ಮಾಡಲಿ, ಬೇಡ ಅನ್ನೋದಿಲ್ಲ. ಆದರೆ ಒಬ್ಬ ವಾರ್ಡನ್ನನ್ನು ಮನೆಗೆ ಕಳಿಸಿದರೆ ನೂರಾರು ಹಾಸ್ಟೆಲುಗಳ ಹುಡುಗ ಹುಡುಗಿಯರಿಗೆ ಮೈಯ ಬಗ್ಗೆ ತಿಳುವಳಿಕೆ ಬಂದುಬಿಡುತ್ತದೆಯೆ?

ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಎಷ್ಟು ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದಾರೆ? 'ಮನೇಲಿ ಓದ್ಕೊಳ್ಳಿ' ಅಂದು ಪುಟ ತಿರುಗಿಸಿದವರೇ ಹೆಚ್ಚು. ಅಕ್ಷರ ಬಾರದ ಅವ್ವ ಅಪ್ಪನ ಮನೆಯಲ್ಲಿ ಯಾರ ಮುಂದೆ ಓದಿಕೊಳ್ಳುವುದು? 2007ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣವನ್ನು ಶಾಲೆಗಳಿಗೆ ತಂದಾಗ, ಸಂಸ್ಕೃತಿ ಕೆಡುತ್ತದೆ ಅಂತ ಬೊಬ್ಬೆ ಎದ್ದು, ತಡೆಹಿಡಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ನಿಂತಿತು.

ಯಾರ ಸಂಸ್ಕೃತಿ ಇದು? 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಮಂಡಿಸಿದ ಪ್ರಬಂಧದಲ್ಲೇ ಬಾಬಾಸಾಹೇಬರು ಇದರ ಗುಟ್ಟು ಬಿಚ್ಚಿದ್ದಾರೆ. ಜಾತಿಯೊಳಗೇ ಮದುವೆ ಎಂಬ ಬೇಲಿಯನ್ನು ಕಾಯಲಿಕ್ಕಾಗಿಯೇ ಸತಿ, ವಿಧವೆಯರ ಮೇಲಿನ ಕಟ್ಟುಪಾಡು, ಬಾಲ್ಯವಿವಾಹ ಹುಟ್ಟಿಕೊಂಡವು ಅಂದರು. ಹುಡುಗಿಗೆ ಬುದ್ಧಿ ತಿಳಿಯುವ ಮೊದಲೇ ಕಟ್ಟಿಬಿಡು ಎನ್ನುವುದು ಜಾತಿಯ ಬುದ್ಧಿ. ಆ ಬುದ್ಧಿಯನ್ನು ನಮ್ಮ ಕೇರಿಯೂ ಎರವಲು ತಂದಿದೆ. 'ಕೆಟ್ಟುಹೋಗೋಕ್ಮುಂಚೆ ಧಾರೆ ಎರೆದು ಕಳಿಸಿಬಿಡೋಣ' ಅಂತ ನಮ್ಮ ಅಪ್ಪಂದಿರೂ ಅನ್ನುತ್ತಾರೆ.

ಇದೇ ಬಾಬಾಸಾಹೇಬರು 1934ರಲ್ಲಿ ಮುಂಬೈ ಕೋರ್ಟಿನಲ್ಲಿ ಆರ್.ಡಿ. ಕರ್ವೆಯವರ ಪರ ವಾದಿಸಿದರು. ಕರ್ವೆ 'ಸಮಾಜಸ್ವಾಸ್ಥ್ಯ' ಎಂಬ ಮರಾಠಿ ಪತ್ರಿಕೆಯಲ್ಲಿ ಲೈಂಗಿಕ ವಿಷಯಗಳ ಬಗ್ಗೆ ಓದುಗರು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದರು. ಅಶ್ಲೀಲ ಅಂತ ಕೇಸು ಹಾಕಿದರು. ಕೇಸು ಸೋತಿತು, ಕರ್ವೆ ದಂಡ ಕಟ್ಟಿದರು. ಆದರೆ ತಿಳಿಯುವುದು ಪಾಪವಲ್ಲ ಅಂತ ನಮ್ಮ ವಕೀಲರು ಕೋರ್ಟಿನ ಮುಂದೆ ನಿಂತಿದ್ದರು. 1942ರಲ್ಲಿ ನಾಗಪುರದ ದಲಿತ ಮಹಿಳೆಯರ ಸಮ್ಮೇಳನದಲ್ಲಿ, ಮಕ್ಕಳಿಗೆ ಮದುವೆಯ ಅವಸರ ಮಾಡಬೇಡಿ, ಹೆಚ್ಚು ಮಕ್ಕಳ ಹೊರೆ ಹೊರಬೇಡಿ ಅಂತ ಬಿಡಿಸಿ ಹೇಳಿದರು. ಹಾಸ್ಟೆಲಿನ ಗೋಡೆಗೆ ಅವರ ಪಟ ತೂಗುಹಾಕಿ, ಅವರು ಆಡಿದ ಮಾತನ್ನು ಆಡಲು ನಾವು ನಾಚುವುದು ಯಾವ ನ್ಯಾಯ?

ಈಗ ನೇರ ಮಾತಿಗೆ ಬರೋಣ. 'ಒಂದೇ ಸಲಕ್ಕೆ ಏನೂ ಆಗಲ್ಲ' ಎನ್ನುವುದು ಸುಳ್ಳು. ಮೊದಲ ಸಲವೇ ಬಸುರು ನಿಲ್ಲಬಹುದು. ನಿರೋಧ್ ಬಸುರನ್ನೂ ತಡೆಯುತ್ತದೆ, ರೋಗವನ್ನೂ ತಡೆಯುತ್ತದೆ. 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆ ಇದೆ, ಬೇಗ ತಗೊಂಡಷ್ಟೂ ಒಳ್ಳೆಯದು. ಮುಟ್ಟು ನಿಂತರೆ ತಿಂಗಳುಗಟ್ಟಲೆ ಮುಚ್ಚಿಡದೆ ಪರೀಕ್ಷೆ ಮಾಡಿಸಬೇಕು. ಎಳೆ ಮೈಯ ಬಸುರಿನಲ್ಲಿ ರಕ್ತಹೀನತೆ, ನಂಜು, ತೂಕ ಕಡಿಮೆಯ ಕೂಸು, ಎಲ್ಲಾ ಅಪಾಯವೂ ಜಾಸ್ತಿ.

ಕಾನೂನೂ ಗೊತ್ತಿರಲಿ. 18 ತುಂಬದ ಹುಡುಗಿ 'ಹೂಂ' ಅಂದರೂ 2012ರ ಪೋಕ್ಸೋ ಕಾಯ್ದೆ ಅದನ್ನು ಒಪ್ಪಿಗೆ ಅಂತ ಎಣಿಸುವುದಿಲ್ಲ. ಅವಳು ಬಸುರಾದರೆ ಕಾರಣನಾದವನಿಗೆ 2019ರ ತಿದ್ದುಪಡಿಯಂತೆ ಕನಿಷ್ಠ 20 ವರ್ಷ ಜೈಲು. ಹಾಸ್ಟೆಲಿನ ಅಣ್ಣತಮ್ಮಂದಿರೇ, ಇದನ್ನು ಲವ್ ಅಂತ ಮರೆಯಬೇಡಿ. ಹುಡುಗ ಕೇರಿಯವನು, ಹುಡುಗಿ ಮೇಲಿನವರ ಮನೆಯವಳು ಆದರೆ ಸ್ಟೇಷನ್ ಬಾಗಿಲು ಎಷ್ಟು ಬೇಗ ತೆರೆಯುತ್ತದೆ. ಹುಡುಗಿ ನಮ್ಮವಳಾಗಿ ಅವನು ಜಮೀನ್ದಾರನ ಮಗನಾದರೆ ರಾಜಿ ಪಂಚಾಯ್ತಿ ಎಷ್ಟು ಬೇಗ ಕೂರುತ್ತದೆ, ನಾವು ಕಂಡಿದ್ದೇವೆ.

ಕೇಸಿಗೆ ಹೆದರಿ ಮನೆಯವರು ಮಗಳನ್ನು ಕಳ್ಳ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಅಲ್ಲಿ ಜೀವವೇ ಹೋಗಬಹುದು. ಸರ್ಕಾರಿ ಆಸ್ಪತ್ರೆಯ ಬಾಗಿಲು ಮುಚ್ಚಿಲ್ಲ ಎಂಬುದು ಅವರಿಗೆ ತಿಳಿಯಬೇಕು. 2021ರ ತಿದ್ದುಪಡಿಯಂತೆ ಅಪ್ರಾಪ್ತ ಹುಡುಗಿಯ ಗರ್ಭಪಾತಕ್ಕೆ 24 ವಾರದವರೆಗೆ ಅವಕಾಶವಿದೆ, ಪೋಷಕರ ಒಪ್ಪಿಗೆ ಬೇಕು. ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ನಿಜ. ಆದರೆ ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಹೇಳಿದೆ.

ಇದನ್ನೆಲ್ಲ ಯಾರು ಹೇಳಬೇಕು? ನಾವೇ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹಳ್ಳಿಯ ಹುಡುಗ ಹುಡುಗಿಯರೇ ತಮ್ಮ ಓರಗೆಯವರಿಗೆ ತಿಳಿಹೇಳಬೇಕು ಅಂತಿದೆ. ಸಾವಿರ ಜನಸಂಖ್ಯೆಗೆ ನಾಲ್ವರು, ಇಬ್ಬರು ಹುಡುಗರು ಇಬ್ಬರು ಹುಡುಗಿಯರು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇದೆ. ನಮ್ಮಲ್ಲಿ ಎಷ್ಟು ಜನ ಅದರ ಬಾಗಿಲು ನೋಡಿದ್ದೇವೆ? ಮೇಲಿನಿಂದ ಬಂದ ಅಧಿಕಾರಿಯ ಭಾಷಣಕ್ಕಿಂತ ಪಕ್ಕದ ಚಾಪೆಯವಳು, ಪಕ್ಕದ ಚಾಪೆಯವನು ಆಡಿದ ಮಾತು ಕಿವಿಗೆ ಇಳಿಯುತ್ತದೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು:

1. ಪ್ರತಿ ಹಾಸ್ಟೆಲಿನಲ್ಲೂ ತಿಂಗಳಿಗೊಮ್ಮೆ ಡಾಕ್ಟರು ಇಲ್ಲವೇ ನರ್ಸಮ್ಮ ಬಂದು ಪಾಠ ಮಾಡಬೇಕು. ಹುಡುಗರ ಹಾಸ್ಟೆಲಿನಲ್ಲೂ ಆಗಬೇಕು. ಬುದ್ಧಿವಾದ ಹುಡುಗಿಗೊಬ್ಬಳಿಗೇ ಸಾಲದು.

2. ಪ್ರತಿ ಹಾಸ್ಟೆಲಿನಿಂದ ನಾಲ್ವರನ್ನು ನಾವೇ ಆರಿಸಿ, ಅವರಿಗೆ ತರಬೇತಿ ಕೊಡಿಸಬೇಕು.

3. ಹತ್ತನೇ ತರಗತಿಯ ಆ ಪಾಠವನ್ನು ಪೂರ್ತಿ ಹೇಳಿಕೊಡಬೇಕು. ಮೇಷ್ಟ್ರು ಪುಟ ತಿರುಗಿಸಿದರೆ 'ಸಾರ್, ಈ ಪಾಠ ಬಿಟ್ರಿ' ಅಂತ ಎದ್ದು ಕೇಳಿರಿ.

4. ಬಸುರಾದ ಹುಡುಗಿಯನ್ನು ಹೊರಗಟ್ಟಬಾರದು. ಚಿಕಿತ್ಸೆ ಸಿಗಬೇಕು, ಮುಂದಿನ ವರ್ಷ ಅದೇ ಬೆಂಚಿನಲ್ಲಿ ಅವಳಿಗೆ ಜಾಗ ಇರಬೇಕು.

5. ಮಕ್ಕಳ ಸಹಾಯವಾಣಿ 1098 ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಬೇಕು.

ಅರ್ಜಿ ಬರೆಯೋಣ, ತಾಲ್ಲೂಕು ಆಸ್ಪತ್ರೆಗೆ ಗುಂಪಾಗಿ ಹೋಗಿ ಸ್ನೇಹ ಕ್ಲಿನಿಕ್ ಎಲ್ಲಿದೆ ಅಂತ ಕೇಳೋಣ. ಮುಂದಿನ ಸಭೆಗೆ ಬರುವಾಗ ಯಾವ ಹಾಸ್ಟೆಲಿನಲ್ಲಿ ಪಾಠ ಶುರುವಾಯಿತು, ಯಾವುದರಲ್ಲಿ ಆಗಲಿಲ್ಲ ಅನ್ನುವ ಲೆಕ್ಕ ತನ್ನಿ.

ಜೈ ಭೀಮ್.