ಪದವಿ ಬಿಟ್ಟವರ ಲೆಕ್ಕ

ಪದವಿಯಲ್ಲಿರುವವನನ್ನು ಸ್ತುತಿಸುವವರಿಗೂ, ಪದವಿಯಿಂದಿಳಿದವನನ್ನು ನಿಂದಿಸುವವರಿಗೂ ಲೋಕದಲ್ಲಿ ಎಂದೂ ಬರವಿಲ್ಲ. ಇಳಿದುಹೋದವನ ಕಾರ್ಯವನ್ನು ಸಮಚಿತ್ತದಿಂದ ತೂಗಿ ನೋಡುವವರು ಮಾತ್ರ ವಿರಳ. ನಾವು ಪಾಠಶಾಲೆಯ ಕೆಲಸದಿಂದ ನಿವೃತ್ತರಾದವರು. ಬಿಟ್ಟುಬಂದ ಕುರ್ಚಿಯ ವಿಷಯದಲ್ಲಿ ಜನರೇನೆನ್ನುವರೋ ಎಂಬ ಕುತೂಹಲವು ನಮಗೂ ಇಲ್ಲದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಕ್ರಿಕೆಟ್ಟಿನ ಮಾತಿಲ್ಲದ ಜಗಲಿಯೇ ಇಲ್ಲವಾದುದರಿಂದ, ಈ ತಿಂಗಳು ಆ ಆಟವನ್ನೇ ನೆಪಮಾಡಿಕೊಂಡು ಈ ವಿಷಯವನ್ನು ವಿಚಾರಿಸುವೆವು.

ಶ್ರೀ ಬ್ರಿಜೇಶ್ ಪಟೇಲರು ನಮ್ಮ ನಾಡಿನವರಿಗೆ ಹೊಸಬರಲ್ಲ. ಹದಿನೈದು ವರುಷ ಎಡೆಬಿಡದೆ ರಣಜಿ ಟ್ರೋಫಿಯನ್ನು ಗೆದ್ದಿದ್ದ ಬೊಂಬಾಯಿ ತಂಡವನ್ನು 1974ರಲ್ಲಿ ಬೆಂಗಳೂರಿನಲ್ಲಿ ತಡೆದು ನಿಲ್ಲಿಸಿದ ಕರ್ನಾಟಕ ತಂಡದಲ್ಲಿ ಶ್ರೀ ವಿಶ್ವನಾಥರೊಡನೆ ಶತಕ ಹೊಡೆದವರು ಇವರೇ. ಆ ವರುಷ ಟ್ರೋಫಿಯು ಮೊದಲ ಬಾರಿಗೆ ಕರ್ನಾಟಕಕ್ಕೆ ಬಂದಿತು. ಬಹುಕಾಲ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದು, 2019ರಲ್ಲಿ ಐ.ಪಿ.ಎಲ್. ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ಎಪ್ಪತ್ತು ವಯಸ್ಸಿನ ಮಿತಿಯು ಸಮೀಪಿಸಿದಾಗ 2022ರ ಅಕ್ಟೋಬರಿನಲ್ಲಿ ಆ ಸ್ಥಾನವನ್ನು ಬಿಟ್ಟರು. ಅವರು ಬಿಟ್ಟುಹೋದದ್ದೇನು ಎಂಬ ವಾದವು ನಮ್ಮ ತರುಣರಲ್ಲಿ ಇನ್ನೂ ಮುಗಿದಿಲ್ಲ.

ಹೊಗಳುವವರ ಪಕ್ಷವನ್ನು ಮೊದಲು ಕೇಳೋಣ. 2020ರ ಮಾರ್ಚ್ ತಿಂಗಳಲ್ಲಿ ಆರಂಭವಾಗಬೇಕಾಗಿದ್ದ ಪಂದ್ಯಾವಳಿಯು ಕೊರೋನಾ ಮಾರಿಯ ದೆಸೆಯಿಂದ ನಿಂತುಹೋಯಿತು. ಅದನ್ನು ಅರಬ್ ಸಂಯುಕ್ತ ಸಂಸ್ಥಾನಗಳಿಗೆ ಸಾಗಿಸಿ, ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ಬರಿದಾದ ಕ್ರೀಡಾಂಗಣಗಳಲ್ಲಿ ನಡೆಸಿ ಮುಗಿಸಿದರು. ಲಕ್ನೋ ಮತ್ತು ಅಹಮದಾಬಾದಿನ ಎರಡು ತಂಡಗಳು ಕೂಡಿ, ತಂಡಗಳು ಹತ್ತಾದವು. ಪಂದ್ಯಗಳನ್ನು ಪ್ರಸಾರಮಾಡುವ ಹಕ್ಕು ಹಿಂದಿನ ಐದು ವರುಷಕ್ಕೆ 16,347 ಕೋಟಿ ರೂಪಾಯಿಗಿದ್ದುದು, 2023ರಿಂದ 2027ರವರೆಗಿನ ಐದು ವರುಷಕ್ಕೆ 48,390 ಕೋಟಿಗೆ ಮಾರಾಟವಾಯಿತು. ಇದಕ್ಕಿಂತ ಹೆಚ್ಚಿನ ಸಾಧನೆ ಯಾವುದು? ಎಂದು ಇವರು ಕೇಳುವರು.

ತೆಗಳುವವರ ಮಾತೂ ತೆಗೆದುಹಾಕತಕ್ಕದ್ದಲ್ಲ. 2021ರಲ್ಲಿ ಊರೂರುಗಳಲ್ಲಿ ರೋಗಿಗಳು ಪ್ರಾಣವಾಯುವಿಗಾಗಿ ಹಂಬಲಿಸುತ್ತಿದ್ದಾಗ ಆಟವು ದೇಶದೊಳಗೇ ನಡೆದಿತ್ತು. ತಂಡಗಳೊಳಕ್ಕೂ ರೋಗ ಹೊಕ್ಕ ಮೇಲೆಯೇ, ಮೇ 4ರಂದು ಅದು ನಿಂತದ್ದು. ಬೆಂಗಳೂರಿನವರೊಬ್ಬರು ಅಧ್ಯಕ್ಷರಾಗಿದ್ದ ಮೂರು ಪಂದ್ಯಾವಳಿಗಳಲ್ಲಿ ಬೆಂಗಳೂರಿನಲ್ಲಿ ಒಂದು ಪಂದ್ಯವೂ ನಡೆಯಲಿಲ್ಲವೆಂಬುದು ಇವರ ಇನ್ನೊಂದು ಕೊರಗು. ಕೋಟಿಗಳು ಬಂದರೂ ನಮ್ಮ ತಾಲ್ಲೂಕಿನ ಶಾಲೆಯ ಬಯಲಿಗೆ ಬಂದದ್ದೇನು? ಎಂದು ಗೌರಿಬಿದನೂರಿನ ಹುಡುಗನು ಕೇಳಿದರೆ, ಅವನ ಬಾಯಿ ಮುಚ್ಚಿಸುವುದು ನ್ಯಾಯವಲ್ಲ.

ಇಲ್ಲಿ ಎರಡು ಪಕ್ಷಗಳೂ ಸ್ಥಾಲೀಪುಲಾಕ ನ್ಯಾಯವನ್ನು ಹಿಡಿದಿರುವುವು. ಪಾತ್ರೆಯೊಳಗಿನ ಒಂದು ಅಗುಳನ್ನು ಹಿಸುಕಿ ನೋಡಿದರೆ ಅನ್ನವೆಲ್ಲ ಬೆಂದಿತೋ ಇಲ್ಲವೋ ತಿಳಿಯುವುದೆಂಬುದು ಆ ನ್ಯಾಯ. ಒಂದೇ ಉರಿಯಲ್ಲಿ ಬೆಂದ ಅಗುಳುಗಳಿಗೆ ಅದು ಸಲ್ಲುವುದೇ ಹೊರತು, ಮನುಷ್ಯನ ಅಧಿಕಾರಕಾಲಕ್ಕೆ ಸಲ್ಲದು. ಅಲ್ಲಿ ಒಂದು ಅಗುಳು ಬೆಂದಿರುವುದು, ಮಗ್ಗುಲಿನದು ಹಸಿಯಾಗಿರುವುದು.

ಇಷ್ಟಲ್ಲದೆ, ಕಾರ್ಯವು ಒಬ್ಬನದೇ ಅಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಯ ನೂಲು ಬಿಚ್ಚುವವರನ್ನು ಕೇಳಿ ನೋಡಿರಿ; ಒಂದು ಗೂಡಿನ ಎಳೆಯಿಂದ ನೂಲಾಗುವುದಿಲ್ಲ, ಹಲವು ಗೂಡುಗಳ ಎಳೆಗಳು ಕೂಡಿಯೇ ಒಂದು ನೂಲಾಗುವುದು. ಶ್ರೀ ಪಟೇಲರ ಕಾಲದಲ್ಲಿ ಕ್ರಿಕೆಟ್ ಮಂಡಲಿಯ ಅಧ್ಯಕ್ಷರಾಗಿದ್ದವರು ಶ್ರೀ ಸೌರವ್ ಗಂಗೂಲಿಯವರು, ಕಾರ್ಯದರ್ಶಿಗಳು ಶ್ರೀ ಜಯ ಶಾಹರು. ದೈನಂದಿನ ನಿರ್ವಹಣೆಯನ್ನು ಶ್ರೀ ಹೇಮಾಂಗ ಅಮೀನರು ನೋಡಿಕೊಳ್ಳುತ್ತಿದ್ದರು. ನಮ್ಮ ಮುದ್ದೇನಹಳ್ಳಿಯಲ್ಲಿ ಜನಿಸಿದ ಶ್ರೀ ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟಾಗ, 1911ರಲ್ಲಿ ಮೊದಲಾಗಿದ್ದ ಕನ್ನಂಬಾಡಿ ಅಣೆಕಟ್ಟಿನ ಕೆಲಸವು ಇನ್ನೂ ಮುಗಿದಿರಲಿಲ್ಲ. ಅದು ಪೂರ್ಣವಾದದ್ದು 1931ರ ಸುಮಾರಿಗೆ, ಶ್ರೀ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ. ಹೀಗಿರುವಲ್ಲಿ ಪದವಿ ಬಿಟ್ಟ ದಿನವೇ ಲೆಕ್ಕ ಮುಗಿಸಿದರೆ ಯಾರಿಗೂ ನ್ಯಾಯ ದೊರೆಯದು.

ಹಾಗಾದರೆ ಪದವಿಯಲ್ಲಿದ್ದವನನ್ನು ಯಾವುದರಿಂದ ಅಳೆಯತಕ್ಕದ್ದು? ಆಯ್ಕೆಯು ಅವನ ಮತ್ತು ಅವನ ಸಹಕಾರಿಗಳ ಕೈಯಲ್ಲಿದ್ದ ಸಂಗತಿಗಳಿಂದ ಎಂಬುದು ನಮ್ಮ ಮತ. ಮಾರಿಯು ಬಂದುದು ಅವರ ಕೈಯಲ್ಲಿರಲಿಲ್ಲ. ಬಂದಾಗ ಆಟವನ್ನು ಸಾಗಿಸಿದ ಜಾಗರೂಕತೆಯು ಅವರದು. 48,390 ಕೋಟಿಯ ಬೆಲೆಯಲ್ಲಿ ಹಿರಿಯ ಪಾಲು, ಊಟದ ಎಲೆಯ ಮುಂದೆಯೂ ಕಣ್ಣನ್ನು ಪರದೆಯಿಂದ ಕೀಳದ ನಮ್ಮೆಲ್ಲರದು. ಆದರೆ 2020ರಲ್ಲಿ ಪಂದ್ಯಾವಳಿಗೆ ಯಾರ ಹೆಸರನ್ನು ತೊಡಿಸಬೇಕೆಂಬುದು ಆಳುವವರ ಕೈಯಲ್ಲಿತ್ತು. ಹಣ ಕಟ್ಟಿ ತಂಡ ಕಟ್ಟುವ ಆಟವನ್ನು ಮೊಬೈಲಿನಲ್ಲಿ ನಡೆಸುತ್ತಿದ್ದ ಡ್ರೀಮ್ ಇಲೆವೆನ್ ಸಂಸ್ಥೆಗೆ 222 ಕೋಟಿ ರೂಪಾಯಿಗೆ ಆ ಗೌರವವು ಸಂದಿತು. ಕಾನೂನು ಅಡ್ಡಿಯಾಗಿರಲಿಲ್ಲ, ನಿಜ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟುವ ಅಂತರ್ಜಾಲದ ಆಟಗಳನ್ನೇ ನಿಷೇಧಿಸುವ ಶಾಸನವನ್ನು ಮಾಡಬೇಕಾಯಿತು. ಅಷ್ಟರಲ್ಲಿ, ಹಣ ಕಟ್ಟುವುದೂ ಆಟ ನೋಡುವುದರ ಒಂದು ಅಂಗವೆಂದು ಎಷ್ಟು ಎಳೆಯ ಮನಸ್ಸುಗಳು ನಂಬಿದ್ದುವೋ! ಗೃಹಸ್ಥರು ಈ ಅಂಶವನ್ನು ಪ್ರಸಾರದ ಕೋಟಿಗಳಿಗಿಂತ ಭಾರವಾದುದೆಂದು ಎಣಿಸಬೇಕು.

ನಮ್ಮ ಹೆಣ್ಣುಮಕ್ಕಳ ಸಂಗತಿಯೂ ಹೀಗೆಯೇ. ಪುರುಷರ ತಂಡಗಳು ಹತ್ತಾದ ಆ ಕಾಲದಲ್ಲಿ ಸ್ತ್ರೀಯರಿಗೆ ದೊರೆತದ್ದು, 2020ರಲ್ಲಿ ಶಾರ್ಜಾದಲ್ಲಿಯೂ 2022ರಲ್ಲಿ ಪುಣೆಯಲ್ಲಿಯೂ ಮೂರು ತಂಡಗಳ ನಾಲ್ಕು ಪಂದ್ಯಗಳು ಮಾತ್ರ. ನಡುವಣ ವರುಷ ಅದೂ ಇಲ್ಲ. ಐದು ತಂಡಗಳ ಸ್ತ್ರೀಯರ ಪಂದ್ಯಾವಳಿಯು 2023ರ ಮಾರ್ಚಿನಲ್ಲಿ, ಶ್ರೀ ಪಟೇಲರು ಹೋದ ಮೇಲೆ ಆರಂಭವಾಯಿತು. ಮರುವರುಷವೇ, ಅಂದರೆ 2024ರಲ್ಲಿ, ಬೆಂಗಳೂರಿನ ಸ್ತ್ರೀಯರು ಅದನ್ನು ಗೆದ್ದರು. ಬೆಂಗಳೂರಿನ ಪುರುಷರಿಗೆ ಆ ಭಾಗ್ಯವು ಹದಿನೇಳು ವರುಷ ಕಾದ ಮೇಲೆ 2025ರಲ್ಲಿ ದೊರೆಯಿತು. ಬಾಗಿಲು ತೆರೆದೊಡನೆ ಒಳಬರಲು ಸಿದ್ಧರಾಗಿದ್ದವರನ್ನು ಅಷ್ಟು ಕಾಲ ಹೊರಗೆ ನಿಲ್ಲಿಸಿದ್ದು ಯುಕ್ತವೆನಿಸದು.

ಒಟ್ಟಿನಲ್ಲಿ ಹೇಳುವುದಾದರೆ, ಶ್ರೀ ಪಟೇಲರು ಕಷ್ಟಕಾಲದಲ್ಲಿ ಮನೆಯನ್ನು ಬೀಳದಂತೆ ಹಿಡಿದ ಯಜಮಾನರು. ಮನೆಗೆ ಯಾರನ್ನು ಕರೆಯಬೇಕು, ಯಾರಿಗೆ ಎಲೆ ಹಾಕಬೇಕು ಎಂಬಲ್ಲಿ ಅವರೂ ಅವರ ಸಂಗಡಿಗರೂ ಇನ್ನಷ್ಟು ವಿವೇಚಿಸಬಹುದಾಗಿತ್ತು. ಈ ತೀರ್ಮಾನವನ್ನು ಒಪ್ಪದ ವಾಚಕರು ಇರಬಹುದು, ಇರುವುದೇ ಒಳ್ಳೆಯದು. ಹಾಲಿನ ಸಂಘದ ಅಧ್ಯಕ್ಷರು, ದೇವಸ್ಥಾನದ ಧರ್ಮದರ್ಶಿಗಳು, ಶಾಲೆಯ ಮುಖ್ಯೋಪಾಧ್ಯಾಯರು ನಮ್ಮ ಊರುಗಳಲ್ಲಿಯೂ ಬರುತ್ತಿರುವರು, ಹೋಗುತ್ತಿರುವರು. ಮುಂದಿನ ಸಲ ಅಂಥವರೊಬ್ಬರಿಗೆ ಹಾರ ಹಾಕಿ ಕಳುಹಿಸಿದ ದಿನ, ಮನೆಯ ಮಕ್ಕಳನ್ನು ಕೂರಿಸಿಕೊಂಡು ಕಾಗದವೊಂದರಲ್ಲಿ ಕೈಯಲ್ಲಿದ್ದುದನ್ನು ಒಂದು ಕಡೆ, ಕೈಮೀರಿದುದನ್ನು ಇನ್ನೊಂದು ಕಡೆ ಬರೆಯಿಸಿ ನೋಡಿರಿ. ಮಾತು ತಾನಾಗಿಯೇ ತಗ್ಗುವುದು, ವಿಚಾರವು ಏರುವುದು.